ಟಿವಿ ಅಡುಗೆ ಸ್ಪರ್ಧೆಯ ಖಾದ್ಯಗಳು ಮನೆಯಲ್ಲಿ, ಕಡಿಮೆ ಖರ್ಚಿನಲ್ಲಿ: ಸಮಗ್ರ ಮಾರ್ಗದರ್ಶಿ

ಅಡುಗೆ ಸ್ಪರ್ಧೆಯ ತೀರ್ಪುಗಾರರು ರುಚಿ ನೋಡಿ ಆಡುವ ಮಾತುಗಳನ್ನು ಗಮನವಿಟ್ಟು ಕೇಳಿ. ಉಪ್ಪು ಸಾಲದು, ಹುಳಿ ಬೇಕಿತ್ತು, ಸಾಸ್ ನೀರಾಗಿದೆ, ನುಣ್ಣಗೆ ಅರೆದ ಪ್ಯೂರಿಯಲ್ಲಿ ಗಂಟು ಉಳಿದಿದೆ, ಎಲ್ಲವೂ ಮೆತ್ತಗಿದೆ, ಹಲ್ಲಿಗೆ ಸಿಗುವಂಥದ್ದು ಏನೂ ಇಲ್ಲ. ಅಂಕ ಕಳೆಯುವುದು ಬಹುಪಾಲು ಇಂಥ ಕಾರಣಗಳಿಗೆ. ಇವುಗಳಲ್ಲಿ ಒಂದಕ್ಕೂ ಪದಾರ್ಥದ ಬೆಲೆಗೂ ಸಂಬಂಧವಿಲ್ಲ. ಆದರೂ ನಾವು ಕಂತು ಮುಗಿದ ಕೂಡಲೇ ಸ್ಕಾಲಪ್ ಎಂಬ ಕಡಲ ಚಿಪ್ಪುಜೀವಿ, ಟ್ರಫಲ್ ಎಂಬ ನೆಲದಡಿಯ ಅಣಬೆ, ಕೇಸರಿ ಎಂದು ಪಟ್ಟಿ ಮಾಡಿ, ಬೆಲೆ ನೋಡಿ, ಇದು ನಮ್ಮಿಂದಾಗದು ಎಂದು ಕೈಬಿಡುತ್ತೇವೆ. ಆ ಖಾದ್ಯ ಮನಸೆಳೆದದ್ದು ಪದಾರ್ಥದ ಹೆಸರಿನಿಂದಲ್ಲ, ಕೈಚಳಕ ಮತ್ತು ಹದದಿಂದ. ಹದವನ್ನು ದುಡ್ಡು ಕೊಟ್ಟು ಕೊಳ್ಳಲಾಗದು, ಅದನ್ನು ಕಲಿತೇ ಪಡೆಯಬೇಕು. ಕಲಿಯುವುದಕ್ಕೆ ಮೂಲಂಗಿ, ಹೂಕೋಸು, ಈರುಳ್ಳಿ ಧಾರಾಳವಾಗಿ ಸಾಕು.

ಈ ಬರಹದಲ್ಲಿ ಎರಡು ಖಾದ್ಯಗಳನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ, ಒಂದು ಊಟದ ತಟ್ಟೆ, ಇನ್ನೊಂದು ಸಿಹಿ. ನಡುವೆ ಬರುವ ಸಾಸ್, ಜೆಲ್, ನೊರೆಗಳು ಬೇರೆ ಯಾವ ಖಾದ್ಯಕ್ಕಾದರೂ ಒದಗುತ್ತವೆ.

ಮೊದಲ ಹೆಜ್ಜೆ: ತಟ್ಟೆಯನ್ನು ಬಿಡಿಸಿ ನೋಡಿ

ಮೆಚ್ಚಿದ ಕಂತನ್ನು ಕಾಗದ, ಪೆನ್ನು ಹಿಡಿದು ಮತ್ತೆ ನೋಡಿ. ಮೊದಲ ಸಲ ತಟ್ಟೆಯ ಮೇಲೆ ಏನೇನಿದೆ ಎಂಬುದನ್ನಷ್ಟೇ ಬರೆಯಿರಿ: ಪ್ಯೂರಿ, ಸಾಸ್, ಗರಿಗರಿ ತುಣುಕು, ಉಪ್ಪಿನಕಾಯಿಯಂತೆ ಹುಳಿ ಹಿಡಿಸಿದ ತರಕಾರಿ, ಹಸಿರು ಎಣ್ಣೆ. ಎರಡನೆಯ ಸಲ ಧ್ವನಿ ಮುಚ್ಚಿ, ಸ್ಪರ್ಧಿಯ ಕೈಯನ್ನು ಮಾತ್ರ ನೋಡಿ. ಬಾಣಲೆಯಲ್ಲಿ ಹೊಗೆ ಏಳುತ್ತಿದೆಯೇ, ಜರಡಿ ಎಲ್ಲಿ ಬಳಸಿದರು, ಬೆಣ್ಣೆ ಯಾವಾಗ ಬಿತ್ತು, ಒಲೆಯಿಂದ ಇಳಿಸಿದ ಮೇಲೆ ಎಷ್ಟು ಹೊತ್ತು ಬಿಟ್ಟರು. ಮಾತಿನಲ್ಲಿ ಹೇಳದ ಅನೇಕ ಸಂಗತಿಗಳು ಇಲ್ಲಿ ಕಾಣುತ್ತವೆ. ಮೂರನೆಯ ಸಲ ತೀರ್ಪುಗಾರರ ಮಾತನ್ನು ಮಾತ್ರ ಕೇಳಿ, ಅವರು ಹೊಗಳಿದ ಅಂಶದ ಕೆಳಗೆ ಗೆರೆ ಎಳೆಯಿರಿ. ಆ ಗೆರೆ ಎಳೆದ ಅಂಶವನ್ನು ನೀವು ಬಿಡುವಂತಿಲ್ಲ. ಉಳಿದದ್ದನ್ನು ಬದಲಿಸಬಹುದು, ಕೆಲವನ್ನು ಕೈಬಿಡಲೂಬಹುದು.

ಈಗ ಪ್ರತಿಯೊಂದರ ಮುಂದೆ ಅದು ಮಾಡುವ ಕೆಲಸವನ್ನು ಬರೆಯಿರಿ. ಒಂದು ಮೆತ್ತಗಿನ ಆಧಾರ, ಒಂದು ಗರಿಗರಿ, ಒಂದು ಹುಳಿ, ಒಂದು ಕೊಬ್ಬಿನ ಸಮೃದ್ಧಿ, ಒಂದು ಹಸಿರು ಪರಿಮಳ, ನಡುವೆ ಮುಖ್ಯ ತುಂಡು. ಸ್ಪರ್ಧೆಯ ಖಾರದ ತಟ್ಟೆಗಳು ಹೆಚ್ಚುಕಡಿಮೆ ಈ ಚೌಕಟ್ಟಿನೊಳಗೆ ಬರುತ್ತವೆ.

ಬದಲಿ ಹುಡುಕುವಾಗ ಹೆಸರು ಮರೆತುಬಿಡಿ

ಪಾರ್ಮೆಸಾನ್ ಚೀಸಿಗೆ ಬದಲಿ ಏನು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಪಾರ್ಮೆಸಾನ್ ಅಲ್ಲಿ ಏನು ಮಾಡುತ್ತಿದೆ ಎಂದು ಕೇಳಿದರೆ ಸುಲಭ: ಉಪ್ಪು, ಕೊಬ್ಬು ಮತ್ತು ಉಮಾಮಿ, ಅಂದರೆ ಗಾಢ ಸಾರಿನಂತೆ ನಾಲಿಗೆ ತುಂಬುವ ರುಚಿ. 1908ರಲ್ಲಿ ಜಪಾನಿನ ಕಿಕುನೆ ಇಕೆಡಾ ಕಡಲಕಳೆಯ ಸಾರಿನಿಂದ ಗ್ಲುಟಮೇಟನ್ನು ಬೇರ್ಪಡಿಸಿ ಈ ರುಚಿಗೆ ಹೆಸರಿಟ್ಟರು. ಅದೇ ಗ್ಲುಟಮೇಟ್ ಟೊಮೆಟೊ ಪೇಸ್ಟ್, ಒಣ ಅಣಬೆ, ಸೋಯಾ ಸಾಸ್‌ಗಳಲ್ಲೂ ಇದೆ. ಇಟಲಿಯ ಕೆನೆಯಂಥ ಅನ್ನವಾದ ರಿಸೊಟ್ಟೊದ ಕೊನೆಯಲ್ಲಿ ಸಾಧಾರಣ ಗಟ್ಟಿ ಚೀಸ್ ಸ್ವಲ್ಪ, ಅರ್ಧ ಚಮಚ ಸೋಯಾ ಸಾಸ್, ತಣ್ಣನೆಯ ಬೆಣ್ಣೆಯ ಒಂದು ತುಂಡು ಸೇರಿಸಿದರೆ ಆ ಮೂರೂ ಕೆಲಸಗಳು ಆಗುತ್ತವೆ. ರಿಸೊಟ್ಟೊಗೆ ಬೇಕಾದದ್ದು ಪಿಷ್ಟ ಬಿಡುವ ಗಿಡ್ಡ ಕಾಳಿನ ಅಕ್ಕಿ. ಅದನ್ನು ತೊಳೆಯದೆ ಬಳಸಿ, ಬಿಸಿ ಸಾರನ್ನು ಸೌಟು ಸೌಟಾಗಿ ಹಾಕುತ್ತಾ ಕಲಕಿದರೆ ಕೆನೆಯಂಥ ಹದ ಬರುತ್ತದೆ. ಬಾರ್ಲಿಯಿಂದಲೂ ಇದನ್ನು ಮಾಡಬಹುದು, ಅಗಿಯಲು ಹಿತವಾಗಿರುತ್ತದೆ.

ಬಾಣಲೆಯ ತಳ ಬಿಡಿಸಲು ಸುರಿಯುವ ವೈನ್ ಹುಳಿ ಮತ್ತು ತುಸು ಸಿಹಿ ಕೊಡುತ್ತದೆ. ಒಂದು ಚಮಚ ವಿನೆಗರ್, ಚಿಟಿಕೆ ಸಕ್ಕರೆ, ಕಾಲು ಲೋಟ ನೀರು ಆ ಜಾಗದಲ್ಲಿ ನಿಲ್ಲುತ್ತವೆ. ಪೈನ್ ಬೀಜದ ಬದಲು ಹುರಿದ ಸೂರ್ಯಕಾಂತಿ ಬೀಜ. ಹುಳಿ ಕ್ರೀಮಾದ ಕ್ರೆಮ್ ಫ್ರೆಶ್‌ನ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು. ಮಸ್ಕಾರ್ಪೋನೆ ಎಂಬ ಮೆತ್ತನೆಯ ಚೀಸ್ ಬೇಕಿದ್ದರೆ 500 ಮಿಲಿಲೀಟರ್ ಕ್ರೀಮನ್ನು 85 ಡಿಗ್ರಿಗೆ ಬಿಸಿ ಮಾಡಿ, ಒಂದು ದೊಡ್ಡ ಚಮಚ ನಿಂಬೆರಸ ಸೇರಿಸಿ, ತಣಿದ ಮೇಲೆ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಟ್ಟೆಯ ಮೇಲೆ ಸೋಸಲು ಬಿಡಿ. ಸ್ಪರ್ಧೆಗಳಲ್ಲಿ ‘ಮಣ್ಣು’ ಎಂದು ಕರೆಯುವ ಪುಡಿ ಬಹಳ ಸಲ ಬೆಣ್ಣೆಯಲ್ಲಿ ಹುರಿದ ಒಣ ಬ್ರೆಡ್ಡಿನ ಪುಡಿಯಷ್ಟೇ.

ಕೆಲವನ್ನು ಕೊಳ್ಳಲೇಬೇಡಿ. ಅಂಗಡಿಯ ಟ್ರಫಲ್ ಎಣ್ಣೆಗಳಲ್ಲಿ ಹೆಚ್ಚಿನವುಗಳ ವಾಸನೆ ಬರುವುದು ಪ್ರಯೋಗಾಲಯದಲ್ಲಿ ತಯಾರಾದ ರಾಸಾಯನಿಕದಿಂದ. ಅದಕ್ಕೆ ಸುರಿಯುವ ದುಡ್ಡಿನಲ್ಲಿ ಒಳ್ಳೆಯ ಬೆಣ್ಣೆ ಮತ್ತು ಅಣಬೆ ಬರುತ್ತದೆ. ತಿನ್ನುವ ಚಿನ್ನದ ಹಾಳೆಗೆ ರುಚಿಯೇ ಇಲ್ಲ. ಇನ್ನು ಕೆಲವು ಕಡೆ ಜಿಪುಣತನ ನಡೆಯುವುದಿಲ್ಲ. ಪದರ ಪದರವಾಗಿ ಏಳುವ ಪೇಸ್ಟ್ರಿಗೆ ಬೆಣ್ಣೆಯೇ ಬೇಕು, ಮೊಟ್ಟೆಯ ನೊರೆಯಿಂದ ಉಬ್ಬುವ ಸೂಫ್ಲೆಗೆ ತಾಜಾ ಮೊಟ್ಟೆ ಬೇಕು, ಚಾಕೊಲೇಟ್ ಮುಖ್ಯವಾಗಿರುವ ಸಿಹಿಗೆ ನಿಜವಾದ ಕೋಕೋ ಬೆಣ್ಣೆ ಇರುವ ಚಾಕೊಲೇಟ್ ಬೇಕು. ನನ್ನ ನಿಯಮ ಸರಳ: ಒಂದು ತಟ್ಟೆಯಲ್ಲಿ ಒಂದೇ ಒಂದು ದುಬಾರಿ ವಸ್ತು, ಅದೂ ಬೇರೆ ದಾರಿಯೇ ಇಲ್ಲದಿದ್ದರೆ.

ಬದಲಿಯೇ ಬೇಡವೆನ್ನುವ ಇನ್ನೊಂದು ದಾರಿಯೂ ಇದೆ. 1993ರಲ್ಲಿ ಜಪಾನಿನಲ್ಲಿ ಶುರುವಾದ ‘ಐರನ್ ಶೆಫ್’ ಸ್ಪರ್ಧೆಯಲ್ಲಿ ಒಂದೇ ಪದಾರ್ಥವನ್ನು ಕೊಟ್ಟು, ಒಂದು ಗಂಟೆಯಲ್ಲಿ ಅದರಿಂದಲೇ ಹಲವು ಖಾದ್ಯಗಳನ್ನು ಮಾಡಿಸುತ್ತಿದ್ದರು. ಕೈಯಲ್ಲಿ ಕಾಸು ಕಡಿಮೆಯಿರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಅರ್ಧ ಕಿಲೋ ಕ್ಯಾರೆಟ್ ತನ್ನಿ. ಅರ್ಧವನ್ನು ಬೆಣ್ಣೆಯಲ್ಲಿ ಮುಚ್ಚಿ ಬೇಯಿಸಿ ಪ್ಯೂರಿ ಮಾಡಿ, ಎರಡನ್ನು ಇಡಿಯಾಗಿ ಓವನ್ನಿನಲ್ಲಿ ಸುಡಿ, ಒಂದನ್ನು ತೆಳುವಾಗಿ ಹೆರೆದು ವಿನೆಗರಿನಲ್ಲಿ ಅದ್ದಿ, ಸಿಪ್ಪೆಯನ್ನು ತೊಳೆದು ಒಣಗಿಸಿ ಕರಿಯಿರಿ. ಒಂದೇ ತರಕಾರಿ ನಾಲ್ಕು ರೂಪದಲ್ಲಿ ತಟ್ಟೆಗೆ ಬಂದಾಗ ಅದು ಸ್ಪರ್ಧೆಯ ತಟ್ಟೆಯಂತೆಯೇ ಕಾಣುತ್ತದೆ, ರುಚಿಯೂ ಹಾಗೆಯೇ ಇರುತ್ತದೆ.

ಪಾತ್ರೆ ಪರಿಕರ

ದಪ್ಪ ತಳದ ಬಾಣಲೆ, ಸಣ್ಣ ಕಣ್ಣಿನ ಜರಡಿ, ಗ್ರಾಂ ತೋರಿಸುವ ತಕ್ಕಡಿ, ಮಿಕ್ಸರ್. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇವುಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ಜರಡಿ ಕೊಳ್ಳಿ. ಮನೆಯ ಪ್ಯೂರಿಗೂ ಟಿವಿಯ ಪ್ಯೂರಿಗೂ ಇರುವ ಅಂತರ ಹೆಚ್ಚಾಗಿ ಒಂದು ಜರಡಿಯಷ್ಟೇ. ಸಾಸ್ ಹನಿಸುವುದಕ್ಕೆ ತೊಳೆದ ಹಳೆಯ ಸಾಸ್ ಬಾಟಲಿ ಸಾಕು.

ಮೊದಲ ಖಾದ್ಯ: ಬಾಣಲೆಯಲ್ಲಿ ಕಂದಿಸಿದ ‘ಸ್ಕಾಲಪ್’, ಹೂಕೋಸಿನ ಪ್ಯೂರಿ, ಕಂದು ಬೆಣ್ಣೆ

ಸ್ಕಾಲಪ್ ಮತ್ತು ಹೂಕೋಸಿನ ಪ್ಯೂರಿಯ ಜೋಡಿ ದೇಶದೇಶಗಳ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಸ್ಕಾಲಪ್ ದುಬಾರಿ, ಉಳಿದುದೆಲ್ಲ ಅಗ್ಗ. ಸ್ಕಾಲಪ್ ಮಾಡುವ ಕೆಲಸ ಸಿಹಿ, ಮೃದುತ್ವ ಮತ್ತು ಎರಡು ಮುಖಗಳ ಮೇಲೆ ಹೊಂಬಣ್ಣದ ಹೊರಪದರ. ಬಿಳಿ ಮೂಲಂಗಿಯ ದಪ್ಪ ಬಿಲ್ಲೆ ಈ ಮೂರನ್ನೂ ಕೊಡಬಲ್ಲದು. ಕಡಲಿನ ರುಚಿ ಇದರಲ್ಲಿ ಬರುವುದಿಲ್ಲ, ಇದು ಸ್ಕಾಲಪ್ ಎಂದು ಯಾರನ್ನೂ ನಂಬಿಸುವ ಅಗತ್ಯವೂ ಇಲ್ಲ. ನಾಲ್ವರಿಗೆ ಸಾಕಾಗುವ ಅಳತೆ ಕೊಡುತ್ತಿದ್ದೇನೆ.

*ಹಸಿರು ಎಣ್ಣೆ.* ಇದನ್ನು ಹಿಂದಿನ ದಿನವೇ ಮಾಡಿಡಿ. 50 ಗ್ರಾಂ ಕೊತ್ತಂಬರಿ ಅಥವಾ ಪಾರ್ಸ್ಲಿಯನ್ನು ಎಳೆ ದಂಟಿನ ಸಮೇತ ಕುದಿಯುವ ನೀರಿನಲ್ಲಿ 15 ಸೆಕೆಂಡು ಅದ್ದಿ, ಕೂಡಲೇ ಐಸ್ ನೀರಿಗೆ ಹಾಕಿ. ಬಟ್ಟೆಯಲ್ಲಿ ಸುತ್ತಿ ನೀರಿನ ಅಂಶ ಉಳಿಯದಂತೆ ಹಿಂಡಿ. ವಾಸನೆಯಿಲ್ಲದ 100 ಮಿಲಿಲೀಟರ್ ಎಣ್ಣೆಯೊಂದಿಗೆ ಮಿಕ್ಸರಿನಲ್ಲಿ ಮೂರು ನಿಮಿಷ ತಿರುಗಿಸಿ, ತೆಳು ಬಟ್ಟೆಯ ಮೇಲೆ ಸುರಿದು ತಾನಾಗಿ ಇಳಿಯಲು ಬಿಡಿ. ಬಟ್ಟೆಯನ್ನು ಹಿಂಡಿದರೆ ಎಣ್ಣೆ ಮಬ್ಬಾಗುತ್ತದೆ.

*ಹುಳಿ ಈರುಳ್ಳಿ.* 100 ಮಿಲಿಲೀಟರ್ ವಿನೆಗರ್, ಅಷ್ಟೇ ನೀರು, 25 ಗ್ರಾಂ ಸಕ್ಕರೆ, 5 ಗ್ರಾಂ ಉಪ್ಪು ಕುದಿಸಿ, ತೆಳುವಾಗಿ ಹೆಚ್ಚಿದ ಒಂದು ಕೆಂಪು ಈರುಳ್ಳಿಯ ಮೇಲೆ ಬಿಸಿಯಾಗಿಯೇ ಸುರಿಯಿರಿ. ಅರ್ಧ ಗಂಟೆಯಲ್ಲಿ ಹೊಳೆಯುವ ಗುಲಾಬಿ ಬಣ್ಣ ಬರುತ್ತದೆ.

*ಪ್ಯೂರಿ.* ಒಂದು ಹೂಕೋಸಿನಿಂದ ಸುಮಾರು 500 ಗ್ರಾಂ ತೆಗೆದುಕೊಂಡು ಸಣ್ಣಗೆ ಹೆಚ್ಚಿ. ಹೂವಿನ ಒಳದಂಟನ್ನು ಬಿಸಾಡಬೇಡಿ, ಅದೂ ಸೇರಲಿ. 250 ಮಿಲಿಲೀಟರ್ ಹಾಲು, ಚಿಟಿಕೆ ಉಪ್ಪು ಹಾಕಿ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 20 ನಿಮಿಷ ಬೇಯಿಸಿ. ಚಮಚದ ಬೆನ್ನಿನಿಂದ ಒತ್ತಿದರೆ ಹೂಕೋಸು ಕುಸಿಯಬೇಕು, ಸ್ವಲ್ಪವೂ ಎದುರಾಡಬಾರದು. ಬೇಯುವುದು ಸಾಲದಿದ್ದರೆ ಮಿಕ್ಸರ್ ಎಷ್ಟು ತಿರುಗಿಸಿದರೂ ಮರಳುಮರಳು ಹೋಗುವುದಿಲ್ಲ. ಹಾಲನ್ನು ಸೋಸಿ ಪಕ್ಕಕ್ಕಿಡಿ. ಹೂಕೋಸನ್ನು 30 ಗ್ರಾಂ ಬೆಣ್ಣೆಯೊಂದಿಗೆ ಅರೆಯಿರಿ, ಬ್ಲೇಡಿಗೆ ಸಿಕ್ಕಿಕೊಳ್ಳುತ್ತಿದ್ದರೆ ಮಾತ್ರ ಆ ಹಾಲನ್ನು ಒಂದೊಂದೇ ಚಮಚ ಸೇರಿಸಿ. ಪೂರ್ತಿ ಮೂರು ನಿಮಿಷ ಅರೆದು, ಜರಡಿಯ ಮೂಲಕ ಸೌಟಿನಿಂದ ಒತ್ತಿ ಇಳಿಸಿ. ತಟ್ಟೆಯ ಮೇಲೆ ಒಂದು ಚಮಚ ಹಾಕಿ ಓರೆ ಮಾಡಿದರೆ ಅದು ಹರಿಯದೆ, ಸುತ್ತ ನೀರು ಬಿಡದೆ ನಿಲ್ಲಬೇಕು.

*ಮೂಲಂಗಿ.* ಸಿಪ್ಪೆ ತೆಗೆದು ಮೂರು ಸೆಂಟಿಮೀಟರ್ ದಪ್ಪದ 12 ಬಿಲ್ಲೆ ಮಾಡಿ, ಅಂಚನ್ನು ಸ್ವಲ್ಪ ಸವರಿ ಗುಂಡಗಾಗಿಸಿ. ಎರಡೂ ಮುಖದ ಮೇಲೆ ಚಾಕುವಿನಿಂದ ಮೇಲುಮೇಲಕ್ಕೆ ಅಡ್ಡ ಉದ್ದ ಗೀರಿ. ಬರೀ ನೀರಿನಲ್ಲಿ ಐದು ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿ, ಮೂಲಂಗಿಯ ಘಾಟು ಅದರೊಂದಿಗೆ ಹೋಗುತ್ತದೆ. ಈಗ ತರಕಾರಿ ಸ್ಟಾಕ್ (ತರಕಾರಿ ಕುದಿಸಿ ಸೋಸಿದ ಸಾರು), ಒಂದು ಚಮಚ ಸೋಯಾ ಸಾಸ್, ಅರ್ಧ ಚಮಚ ಸಕ್ಕರೆ ಹಾಕಿ, ಚಾಕುವಿನ ಮೊನೆ ಸಲೀಸಾಗಿ ಇಳಿಯುವವರೆಗೆ, ಸುಮಾರು 20 ರಿಂದ 25 ನಿಮಿಷ ಸಣ್ಣ ಕುದಿಯಲ್ಲಿಡಿ. ಆ ಸ್ಟಾಕಿನಲ್ಲೇ ತಣಿಯಲಿ, ರುಚಿ ಒಳಕ್ಕೆ ಇಳಿಯುವುದು ತಣಿಯುವಾಗಲೇ.

ಮುಂದಿನದು ಇಡೀ ತಟ್ಟೆಯ ಜೀವಾಳ. ಬಿಲ್ಲೆಗಳನ್ನು ಬಟ್ಟೆಯ ಮೇಲಿಟ್ಟು ಪೂರ್ತಿ ಒರೆಸಿ, ಹತ್ತು ನಿಮಿಷ ಗಾಳಿಗೆ ಬಿಡಿ. ಆಹಾರವನ್ನು ಕಂದಿಸುವ, ಹುರಿದ ಪರಿಮಳ ಹುಟ್ಟಿಸುವ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ವಿವರಿಸಿದರು. ಅದು ಚುರುಕಾಗುವುದು ಸುಮಾರು 140 ಡಿಗ್ರಿಯ ಆಚೆ. ನೀರಿರುವ ತನಕ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ. ಒದ್ದೆ ಬಿಲ್ಲೆ ಬಾಣಲೆಯಲ್ಲಿ ಬೇಯುತ್ತದೆಯೇ ಹೊರತು ಕಂದುವುದಿಲ್ಲ ಎಂಬುದಕ್ಕೆ ಕಾರಣ ಇದೇ. ಬಾಣಲೆ ಚೆನ್ನಾಗಿ ಕಾಯಲಿ, ಎಣ್ಣೆ ಹೊಳೆದು ಅಲೆಯಾಡಲಿ. ಬಿಲ್ಲೆಗಳನ್ನು ಒಂದಕ್ಕೊಂದು ತಾಗದಂತೆ ಇಡಿ, ಒಮ್ಮೆಗೆ ಆರಕ್ಕಿಂತ ಹೆಚ್ಚು ಬೇಡ. ಇಟ್ಟ ಮೇಲೆ ಮುಟ್ಟಬೇಡಿ. ಮೊದಲು ಜೋರಾದ ಚಟಪಟ ಸದ್ದು, ಆಮೇಲೆ ಅದು ಇಳಿದು ಸಣ್ಣ ಸದ್ದಾಗುತ್ತದೆ, ಅಂಚಿನಲ್ಲಿ ಕಂದು ಗೆರೆ ಮೇಲೇರುತ್ತದೆ. ಮೂರು ನಾಲ್ಕು ನಿಮಿಷದ ನಂತರ ಬಿಲ್ಲೆ ತಾನಾಗಿ ಬಾಣಲೆ ಬಿಟ್ಟುಕೊಟ್ಟಾಗ ತಿರುವಿ. ಎಳೆದರೂ ಬಾರದಿದ್ದರೆ ಇನ್ನೂ ಹೊತ್ತಾಗಿಲ್ಲವೆಂದೇ ಅರ್ಥ.

*ಕಂದು ಬೆಣ್ಣೆ.* ಬಿಲ್ಲೆ ತೆಗೆದ ಮೇಲೆ ಉರಿ ತಗ್ಗಿಸಿ, ಸುಟ್ಟ ಎಣ್ಣೆಯನ್ನು ಒರೆಸಿ, 60 ಗ್ರಾಂ ಉಪ್ಪಿಲ್ಲದ ಬೆಣ್ಣೆ ಹಾಕಿ. ಕರಗಿ ನೊರೆಯಾಗುತ್ತದೆ, ನೊರೆ ಇಳಿಯುವಾಗ ತಳದಲ್ಲಿ ಹಾಲಿನ ಕಣಗಳು ಕಂದಾಗತೊಡಗುತ್ತವೆ. ಹುರಿದ ಬೀಜದ ವಾಸನೆ ಬಂದ ಕ್ಷಣ ಒಂದು ಚಮಚ ನಿಂಬೆರಸ ಹಾಕಿ ಇಳಿಸಿ. ಒಂದು ಸಣ್ಣ ಚಮಚ ಹಾಲಿನ ಪುಡಿಯನ್ನು ಬೆಣ್ಣೆ ಕರಗಿದಾಗಲೇ ಸೇರಿಸಿದರೆ ಕಂದು ಕಣಗಳು ಹೆಚ್ಚುತ್ತವೆ, ಕಡಿಮೆ ಬೆಣ್ಣೆಯಲ್ಲೇ ಗಾಢ ಪರಿಮಳ ಸಿಗುತ್ತದೆ.

*ಜಾಲರಿ ಗರಿ.* ಟಿವಿಯಲ್ಲಿ ತಟ್ಟೆಯ ಮೇಲೆ ಹವಳದ ತುಂಡಿನಂತೆ ನಿಂತಿರುವುದು ಇದೇ. 10 ಗ್ರಾಂ ಮೈದಾ, 80 ಮಿಲಿಲೀಟರ್ ನೀರು, 30 ಮಿಲಿಲೀಟರ್ ಎಣ್ಣೆ, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ, ಕಾದ ನಾನ್‌ಸ್ಟಿಕ್ ಬಾಣಲೆಗೆ ಮೂರು ಚಮಚ ಸುರಿದು ಸ್ವಲ್ಪ ದೂರ ನಿಲ್ಲಿ, ಸಿಡಿಯುತ್ತದೆ. ನೀರು ಆವಿಯಾಗಿ ತೂತುಗಳು ಮೂಡುತ್ತವೆ, ಎಣ್ಣೆ ಆಚೆ ಬರುತ್ತದೆ. ಸದ್ದು ಪೂರ್ತಿ ನಿಂತ ಮೇಲೆಯೇ ತೆಳು ಸಟ್ಟುಗದಿಂದ ಎತ್ತಿ ಕಾಗದದ ಮೇಲಿಡಿ. ಬೀಟ್‌ರೂಟ್ ರಸ ಬೆರೆಸಿದರೆ ಕೆಂಪು, ಅರಿಸಿನ ಬೆರೆಸಿದರೆ ಹಳದಿ.

ಗಾಢ ಸಾಸ್: ಗಂಟೆಗಟ್ಟಲೆಯ ಸ್ಟಾಕ್ ಇಲ್ಲದೆ

ಸ್ಪರ್ಧೆಯ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಕುದಿಸಿದ ಮೂಳೆಯ ಸ್ಟಾಕ್ ಸಿದ್ಧವಾಗಿರುವುದುಂಟು. ಮನೆಯಲ್ಲಿ ಅದರ ಗಾಢತೆಯನ್ನು ತರಕಾರಿಯ ಚೂರುಗಳಿಂದ ಪಡೆಯಬಹುದು. ಎರಡು ಈರುಳ್ಳಿ, ಒಂದು ಕ್ಯಾರೆಟ್, 200 ಗ್ರಾಂ ಅಣಬೆ ಅಥವಾ ಕೂಡಿಟ್ಟ ಅಣಬೆ ದಂಟು, ಎಲ್ಲವನ್ನೂ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ. ಹೊಂಬಣ್ಣಕ್ಕೆ ನಿಲ್ಲಿಸಬೇಡಿ. ತಳದಲ್ಲಿ ಗಾಢ ಕಂದು ಪದರ ಹಿಡಿಯುವವರೆಗೆ, ಅಂದರೆ 20 ರಿಂದ 25 ನಿಮಿಷ ಹುರಿಯಿರಿ. ಒಂದು ದೊಡ್ಡ ಚಮಚ ಟೊಮೆಟೊ ಪೇಸ್ಟ್ ಹಾಕಿ, ಕೆಂಪು ಹೋಗಿ ಇಟ್ಟಿಗೆ ಬಣ್ಣಕ್ಕೆ ತಿರುಗಲಿ. ಒಂದು ಚಮಚ ವಿನೆಗರ್ ಮತ್ತು ಸ್ವಲ್ಪ ನೀರು ಚಿಮುಕಿಸಿ ತಳವನ್ನು ಮರದ ಸೌಟಿನಿಂದ ಕೆರೆಯಿರಿ, ನಿಮ್ಮ ಸಾಸ್ ಇರುವುದು ಆ ಕೆರೆದ ಪದರದಲ್ಲಿ. ತಳದ ಪದರ ಕಪ್ಪಾಗಿ ಕಹಿ ವಾಸನೆ ಬಂದಿದ್ದರೆ ಮಾತ್ರ ಅದನ್ನು ಬಿಡಿಸಬೇಡಿ, ತರಕಾರಿಯನ್ನು ಬೇರೆ ಪಾತ್ರೆಗೆ ಎತ್ತಿಕೊಳ್ಳಿ.

ಒಂದೂವರೆ ಲೀಟರ್ ನೀರು, ನಾಲ್ಕು ಕಾಳುಮೆಣಸು ಹಾಕಿ 40 ನಿಮಿಷ ಕುದಿಸಿ ಸೋಸಿ. ಸೋಸಿದ್ದನ್ನು ದೊಡ್ಡ ಉರಿಯಲ್ಲಿ 300 ಮಿಲಿಲೀಟರಿಗೆ ಇಳಿಸಿ. ಈ ತನಕ ಉಪ್ಪು ಹಾಕಬೇಡಿ, ಇಂಗುವಾಗ ಉಪ್ಪೂ ಗಾಢವಾಗುತ್ತದೆ. ಮಾಂಸ ತಿನ್ನುವವರು ಕೋಳಿಯ ರೆಕ್ಕೆ, ಕಾಲು, ಮೂಳೆಗಳನ್ನು ಹುರಿದು ಸೇರಿಸಿ ಎರಡು ಗಂಟೆ ಕುದಿಸಿದರೆ, ಅವುಗಳಿಂದ ಇಳಿಯುವ ಜೆಲಾಟಿನ್ ಸಾಸಿಗೆ ತುಟಿಗೆ ಅಂಟುವ ಗುಣ ಕೊಡುತ್ತದೆ. ತರಕಾರಿಯದ್ದಾದರೆ ಒಂದು ಸಣ್ಣ ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಹಾಕಿ. ಒಲೆ ಆರಿಸಿದ ಮೇಲೆ ತಣ್ಣನೆಯ ಬೆಣ್ಣೆಯ ಎರಡು ತುಂಡು ಹಾಕಿ ಪಾತ್ರೆಯನ್ನು ಆಡಿಸುತ್ತಾ ಕರಗಿಸಿ, ಹೊಳಪು ಬರುತ್ತದೆ. ಬೆಣ್ಣೆ ಹಾಕಿದ ನಂತರ ಮತ್ತೆ ಕುದಿಸಿದರೆ ಎಣ್ಣೆ ಒಡೆದು ತೇಲುತ್ತದೆ. ಕೊನೆಯಲ್ಲಿ ಸೋಯಾ ಸಾಸ್, ಉಪ್ಪು, ನಾಲ್ಕು ಹನಿ ನಿಂಬೆರಸ, ಈ ಕ್ರಮದಲ್ಲಿ ರುಚಿ ನೋಡುತ್ತಾ ಸೇರಿಸಿ.

ಜೆಲ್, ಮುತ್ತು, ನೊರೆ

ಇವು ವಿಜ್ಞಾನಿಗಳ ಕೆಲಸವೆಂದು ಹೆದರುವ ಅಗತ್ಯವಿಲ್ಲ. ಸ್ಪೇನಿನ ಎಲ್ ಬುಲ್ಲಿ ರೆಸ್ಟೋರೆಂಟಿನಲ್ಲಿ ಬಾಣಸಿಗ ಫೆರಾನ್ ಆಡ್ರಿಯಾ 1990ರ ದಶಕದಲ್ಲಿ ನೊರೆಯನ್ನು, 2003ರಲ್ಲಿ ದ್ರವದ ಗುಳಿಗೆಗಳನ್ನು ತಟ್ಟೆಗೆ ತಂದ ಮೇಲೆ ಅವು ಸ್ಪರ್ಧೆಗಳಿಗೂ ಬಂದವು. ಕಡಲಕಳೆಯಿಂದ ತೆಗೆದ, ರಸವನ್ನು ಗಟ್ಟಿಯಾಗಿಸುವ ಅಗರ್ ಅಗರ್ ಪುಡಿಯೊಂದಿದ್ದರೆ ಎರಡು ಬಗೆಯನ್ನು ಮಾಡಬಹುದು, ಒಂದು ಚಿಕ್ಕ ಪೊಟ್ಟಣ ಬಹಳ ಕಾಲ ಬರುತ್ತದೆ.

ಹನಿಸುವ ಜೆಲ್‌ಗೆ 100 ಮಿಲಿಲೀಟರ್ ರಸಕ್ಕೆ ಒಂದು ಗ್ರಾಂ ಅಗರ್. ತಣ್ಣಗಿರುವಾಗಲೇ ಕದಡಿ, ಎರಡು ನಿಮಿಷ ಪೂರ್ತಿ ಕುದಿಸಿ, ಗಟ್ಟಿಯಾಗಲು ಬಿಡಿ. ಗಟ್ಟಿಯಾದದ್ದನ್ನು ಮಿಕ್ಸರಿನಲ್ಲಿ ನುಣ್ಣಗೆ ತಿರುಗಿಸಿದರೆ ತಟ್ಟೆಯ ಮೇಲೆ ಚುಕ್ಕಿಯಿಟ್ಟಂತೆ ನಿಲ್ಲುವ ಹೊಳಪಿನ ಜೆಲ್ ಸಿದ್ಧ. ನಿಂಬೆಯಂಥ ಬಹಳ ಹುಳಿಯ ರಸ ಕುದಿಯುವಾಗ ಅಗರ್‌ನ ಶಕ್ತಿ ಕುಂದಿಸುತ್ತದೆ. ಹಾಗಾಗಿ ಅಗರನ್ನು ನೀರಿನಲ್ಲಿ ಕುದಿಸಿ, ಇಳಿಸಿದ ಮೇಲೆ ರಸ ಬೆರೆಸಿ.

ಮುತ್ತುಗಳಿಗೂ ಅದೇ ಅಳತೆ. ಎತ್ತರದ ಲೋಟದಲ್ಲಿ ಎಣ್ಣೆ ತುಂಬಿ 40 ನಿಮಿಷ ಫ್ರೀಜರಿನಲ್ಲಿಡಿ. ಕುದಿಸಿದ ರಸ 50 ಡಿಗ್ರಿಯ ಆಸುಪಾಸಿಗೆ ಇಳಿದಾಗ ಡ್ರಾಪರಿನಿಂದ ಹನಿಹನಿಯಾಗಿ ಬಿಡಿ. ಹನಿ ತಣ್ಣನೆಯ ಎಣ್ಣೆಯಲ್ಲಿ ಇಳಿಯುತ್ತಾ ದುಂಡಗೆ ಗಟ್ಟಿಯಾಗಿ ತಳ ಸೇರುತ್ತದೆ. ಸೋಸಿ, ನೀರಿನಲ್ಲಿ ತೊಳೆಯಿರಿ. ಎಣ್ಣೆಯನ್ನು ಮತ್ತೆ ಅಡುಗೆಗೆ ಬಳಸಬಹುದು. ವಿನೆಗರ್, ಸೋಯಾ ಸಾಸ್, ಬೀಟ್‌ರೂಟ್ ರಸಗಳ ಮುತ್ತು ಚೆಂದ.

ಅಗರ್ ಬದಲು ಜೆಲಾಟಿನ್ ಬಳಸುವವರಿಗೆ ಒಂದು ಎಚ್ಚರಿಕೆ: ಹಸಿ ಅನಾನಸ್, ಪಪ್ಪಾಯಿ, ಕಿವಿ ಹಣ್ಣಿನ ಕಿಣ್ವಗಳು ಜೆಲಾಟಿನನ್ನು ಕರಗಿಸಿಬಿಡುತ್ತವೆ, ರಸವನ್ನು ಮೊದಲು ಕುದಿಸಬೇಕು. ಅಗರ್‌ಗೆ ಈ ತೊಂದರೆಯಿಲ್ಲ.

ನೊರೆಗೆ ಅದನ್ನು ಹಿಡಿದಿಡುವ ಲೆಸಿಥಿನ್ ಪುಡಿ ಬೇಕೆನ್ನುತ್ತಾರೆ, ಹಾಲೇ ಸಾಕು. ಕೊಬ್ಬು ಕಡಿಮೆಯಿರುವ ಹಾಲಿನಲ್ಲಿ ಹುರಿದ ಬೆಳ್ಳುಳ್ಳಿ ಅಥವಾ ಅಣಬೆಯನ್ನು ನೆನೆಸಿ, ಸೋಸಿ, 60 ರಿಂದ 65 ಡಿಗ್ರಿಗೆ ಬಿಸಿ ಮಾಡಿ, ಪಾತ್ರೆಯನ್ನು ಓರೆ ಹಿಡಿದು ಹ್ಯಾಂಡ್ ಬ್ಲೆಂಡರನ್ನು ಮೇಲ್ಮೈಯಲ್ಲೇ ಆಡಿಸಿ. ಒಂದು ನಿಮಿಷ ಬಿಟ್ಟು ಮೇಲಿನ ನೊರೆಯನ್ನು ಚಮಚದಲ್ಲಿ ಎತ್ತಿ.

ಎರಡನೆಯ ಖಾದ್ಯ: ‘ಸ್ನೋ ಎಗ್’ನ ಮನೆ ರೂಪ

2010ರ ‘ಮಾಸ್ಟರ್‌ಶೆಫ್ ಆಸ್ಟ್ರೇಲಿಯಾ’ದ ಅಂತಿಮ ಸುತ್ತಿನಲ್ಲಿ ಸಿಡ್ನಿಯ ಬಾಣಸಿಗ ಪೀಟರ್ ಗಿಲ್ಮೋರ್ ಅವರ ಸ್ನೋ ಎಗ್ ಮಾಡಬೇಕಾಗಿತ್ತು: ಸೀಬೆಹಣ್ಣಿನ ರಸದ ಹಿಮಹರಳಾದ ಗ್ರಾನಿಟಾದ ಮೇಲೆ ಮೊಟ್ಟೆಯ ಬಿಳಿಯ ನೊರೆಯಿಂದ ಮಾಡಿದ ಮೊಟ್ಟೆಯಾಕಾರದ ಮೆರಾಂಗ್, ಅದರೊಳಗೆ ಸೀತಾಫಲದ ಐಸ್‌ಕ್ರೀಮ್, ಮೇಲೆ ಕರಗಿಸಿದ ತೆಳು ಸಕ್ಕರೆ ಹೊದಿಕೆ. ನೋಡಿದವರು ಬೆರಗಾದರು. ಬಿಡಿಸಿ ನೋಡಿದರೆ ಅದರಲ್ಲಿರುವುದು ಮೊಟ್ಟೆ, ಸಕ್ಕರೆ, ಹಾಲು, ಹಣ್ಣು. ಗೋಳಾಕಾರದ ಅಚ್ಚು ಮತ್ತು ಐಸ್‌ಕ್ರೀಮ್ ಯಂತ್ರವಿಲ್ಲದೆ ಅದರ ಅನುಭವದ ಬಹುಭಾಗ ಪಡೆಯುವ ದಾರಿ ಇದು. ಮೂರು ಮೊಟ್ಟೆ ಸಾಕು, ಬಿಳಿಯೂ ಹಳದಿಯೂ ಒಂದಿಷ್ಟೂ ವ್ಯರ್ಥವಾಗುವುದಿಲ್ಲ.

ಮೊದಲು ಗ್ರಾನಿಟಾ. 500 ಮಿಲಿಲೀಟರ್ ಹಣ್ಣಿನ ರಸಕ್ಕೆ 70 ಗ್ರಾಂ ಸಕ್ಕರೆ, ಒಂದು ಚಮಚ ನಿಂಬೆರಸ ಕರಗಿಸಿ ಅಗಲ ತಟ್ಟೆಯಲ್ಲಿ ಫ್ರೀಜರಿಗಿಡಿ. ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಅಂಚಿನಿಂದ ನಡುವಿಗೆ ಕೆರೆಯುತ್ತಾ ಹೋದರೆ ಮೂರು ನಾಲ್ಕು ಗಂಟೆಯಲ್ಲಿ ಹಿಮದ ಹರಳಾಗುತ್ತದೆ. ಸಕ್ಕರೆ ಹೆಚ್ಚಾದರೆ ಹೆಪ್ಪುಗಟ್ಟದೆ ರಸವಾಗಿಯೇ ಉಳಿಯುತ್ತದೆ, ಕಡಿಮೆಯಾದರೆ ಕಲ್ಲಾಗುತ್ತದೆ.

ಮೂರು ಮೊಟ್ಟೆಯ ಬಿಳಿಭಾಗವನ್ನು ಜಿಡ್ಡಿಲ್ಲದ ಪಾತ್ರೆಯಲ್ಲಿ ನೊರೆಯೇಳಿಸಿ, 90 ಗ್ರಾಂ ಸಕ್ಕರೆಯನ್ನು ಚಮಚ ಚಮಚವಾಗಿ ಹಾಕುತ್ತಾ, ಬೀಟರ್ ಎತ್ತಿದರೆ ತುದಿ ನೆಟ್ಟಗೆ ನಿಲ್ಲುವವರೆಗೆ ಕಡೆಯಿರಿ. ಅಗಲ ಪಾತ್ರೆಯಲ್ಲಿ 400 ಮಿಲಿಲೀಟರ್ ಹಾಲನ್ನು ಬಿಸಿ ಮಾಡಿ, ಕುದಿಯಲು ಬಿಡದೆ ಅಂಚಿನಲ್ಲಿ ಮಾತ್ರ ಗುಳ್ಳೆ ಕಾಣುವ ಬಿಸಿಯಲ್ಲಿ ಹಿಡಿಯಿರಿ. ಎರಡು ಚಮಚಗಳ ನಡುವೆ ನೊರೆಯನ್ನು ಮೊಟ್ಟೆಯಾಕಾರಕ್ಕೆ ಉರುಳಿಸಿ ಹಾಲಿಗೆ ಬಿಡಿ, ಒಂದೊಂದು ಬದಿ ಎರಡು ನಿಮಿಷ. ಹಾಲು ಕುದಿದರೆ ಇವು ಉಬ್ಬಿ, ತೆಗೆದಾಗ ಕುಗ್ಗುತ್ತವೆ.

ಬೇಯಿಸಿ ಉಳಿದ ಹಾಲನ್ನು ಸೋಸಿ 250 ಮಿಲಿಲೀಟರ್ ಅಳೆಯಿರಿ. ಮೂರು ಹಳದಿಭಾಗವನ್ನು 40 ಗ್ರಾಂ ಸಕ್ಕರೆಯೊಂದಿಗೆ ಕಲಸಿ, ಬಿಸಿ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು, ಸಣ್ಣ ಉರಿಯಲ್ಲಿ ಬಿಡದೆ ಕಲಕಿ. 82 ಡಿಗ್ರಿ ತಲುಪಿದಾಗ ಇಳಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಸೌಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆಯಿರಿ, ಗೆರೆ ಮುಚ್ಚಿಕೊಳ್ಳದೆ ನಿಂತರೆ ಹದ ಬಂದಿದೆ. 85 ದಾಟಿದರೆ ಒಡೆಯುವ ಭಯವಿದೆ. ಈ ಕಸ್ಟರ್ಡ್ ಐಸ್‌ಕ್ರೀಮಿನ ಕೆಲಸವನ್ನು ವಹಿಸಿಕೊಳ್ಳುತ್ತದೆ.

ಸಕ್ಕರೆ ಹೊದಿಕೆಯೇ ಇಲ್ಲಿನ ಕೈಚಳಕ. 100 ಗ್ರಾಂ ಸಕ್ಕರೆಗೆ ಎರಡು ಚಮಚ ನೀರು ಹಾಕಿ, ಕಲಕದೆ ಕಾಯಿಸಿ. ಕಲಕಿದರೆ ಹರಳುಗಟ್ಟುತ್ತದೆ, ಬೇಕಾದರೆ ಪಾತ್ರೆಯನ್ನು ಹಿಡಿದು ಆಡಿಸಿ. 165 ಡಿಗ್ರಿಯ ಸುಮಾರಿಗೆ ಜೇನಿನ ಬಣ್ಣ ಬರುತ್ತದೆ. ಎಣ್ಣೆ ಸವರಿದ ಬೇಕಿಂಗ್ ಕಾಗದದ ಮೇಲೆ ಸುರಿದು ಆರಲು ಬಿಡಿ. ಈ ಪಾಕ ಚರ್ಮಕ್ಕೆ ತಾಗಿದರೆ ಅಂಟಿಕೊಂಡು ಆಳವಾಗಿ ಸುಡುತ್ತದೆ, ಮಕ್ಕಳು ಹತ್ತಿರ ಇರಬಾರದು. ಆರಿ ಗಟ್ಟಿಯಾದದ್ದನ್ನು ಮುರಿದು ಮಿಕ್ಸರಿನಲ್ಲಿ ಪುಡಿ ಮಾಡಿ. ಪುಡಿಯನ್ನು ಜರಡಿಯಿಂದ ಕಾಗದದ ಮೇಲೆ ಅಂಗೈಯಗಲದ ವೃತ್ತಗಳಾಗಿ ತೆಳುವಾಗಿ ಉದುರಿಸಿ, 180 ಡಿಗ್ರಿಯ ಓವನ್ನಿನಲ್ಲಿ ಎರಡು ಮೂರು ನಿಮಿಷ ಇಡಿ. ಪುಡಿ ಕರಗಿ ಗಾಜಿನಂಥ ತೆಳು ಹಾಳೆಯಾಗುತ್ತದೆ. ಆರಿದ ಮೇಲೆ ಬಿಡಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಬಡಿಸುವ ಕ್ಷಣದಲ್ಲಿ ಮೆರಾಂಗಿನ ಮೇಲಿಟ್ಟು ಗ್ಯಾಸ್ ಟಾರ್ಚ್ ಇದ್ದರೆ ಒಂದೆರಡು ಸೆಕೆಂಡು ಹಿಡಿಯಿರಿ, ಅದು ಬಾಗಿ ಹೊದ್ದುಕೊಳ್ಳುತ್ತದೆ. ಟಾರ್ಚ್ ಇಲ್ಲದಿದ್ದರೆ ಹಾಗೆಯೇ ಓರೆಯಾಗಿ ಚುಚ್ಚಿ. ಮುಂಚೆಯೇ ಇಟ್ಟರೆ ತೇವ ಹೀರಿ ಅಂಟಾಗುತ್ತದೆ.

ಮೊಟ್ಟೆ ತಿನ್ನದವರು ಮೆರಾಂಗನ್ನು ಕಡಲೆಕಾಳು ಬೇಯಿಸಿದ ನೀರಿನಿಂದ ಮಾಡಬಹುದು. ಈ ನೀರು ಮೊಟ್ಟೆಯ ಬಿಳಿಯಂತೆ ನೊರೆಯೇಳುತ್ತದೆಂದು 2014ರಲ್ಲಿ ಫ್ರಾನ್ಸಿನ ಜೋಯೆಲ್ ರೋಸೆಲ್ ತೋರಿಸಿದರು. ನೀರನ್ನು ಲೋಳೆಯಂತಾಗುವವರೆಗೆ ಇಂಗಿಸಿ ತಣಿಸಿ, 100 ಮಿಲಿಲೀಟರಿಗೆ 100 ಗ್ರಾಂ ಸಕ್ಕರೆ, ನಾಲ್ಕು ಹನಿ ನಿಂಬೆರಸ ಹಾಕಿ ಹತ್ತು ನಿಮಿಷ ಕಡೆಯಿರಿ. ಇದು ಬಿಸಿ ಹಾಲಿನಲ್ಲಿ ಕರಗಿಹೋಗುತ್ತದೆ, 100 ಡಿಗ್ರಿಯ ಓವನ್ನಿನಲ್ಲಿ ಸುಮಾರು ಎರಡು ಗಂಟೆ ಒಣಗಿಸಬೇಕು.

ಸಮಯ ಮತ್ತು ತಟ್ಟೆ

ಸ್ಪರ್ಧೆಯ ಗಡಿಯಾರವನ್ನು ಮನೆಗೆ ತರಬೇಡಿ. 2009ರಲ್ಲಿ ಆರಂಭವಾದ ಅಮೆರಿಕದ ಅಡುಗೆ ಸ್ಪರ್ಧೆ ‘ಚಾಪ್ಡ್’ನಲ್ಲಿ ಮೊದಲ ಸುತ್ತಿಗೆ 20 ನಿಮಿಷ ಕೊಡುತ್ತಾರೆ, ಆದರೆ ಅಲ್ಲಿ ಕಪಾಟು ತುಂಬಿರುತ್ತದೆ, ಹಲವು ಒಲೆಗಳಿರುತ್ತವೆ. ಮನೆಯಲ್ಲಿ ಕೆಲಸವನ್ನು ಎರಡು ದಿನಕ್ಕೆ ಹಂಚಿ. ಎಣ್ಣೆ, ಹುಳಿ ಈರುಳ್ಳಿ, ಸಾಸ್, ಜೆಲ್, ಗ್ರಾನಿಟಾ, ಮೆರಾಂಗ್, ಕಸ್ಟರ್ಡ್ ಮುಂಚಿನ ದಿನ. ಪ್ಯೂರಿ ಮತ್ತು ಮೂಲಂಗಿ ಬೇಯಿಸುವುದು ಬೆಳಗ್ಗೆ. ಬಿಲ್ಲೆ ಕಂದಿಸುವುದು, ಕಂದು ಬೆಣ್ಣೆ, ಜಾಲರಿ ಮಾತ್ರ ಬಡಿಸುವ ಮುನ್ನ. ಹೀಗೆ ಮಾಡಿದರೆ ಕೊನೆಯ 15 ನಿಮಿಷದಲ್ಲಿ ಒಂದೇ ಒಲೆಯಲ್ಲಿ ಎಲ್ಲ ಮುಗಿಯುತ್ತದೆ.

ಮೊದಲ ಖಾದ್ಯಕ್ಕೆ ತಟ್ಟೆ ಬಿಸಿಯಾಗಿರಲಿ, ಬಿಳಿಯದೋ ಕಪ್ಪುದೋ ಒಂದೇ ಬಣ್ಣದ್ದಿರಲಿ. ಬಿಸಿ ಪ್ಯೂರಿಯನ್ನು ನಡುವಿಗಿಂತ ತುಸು ಪಕ್ಕಕ್ಕೆ ಹಾಕಿ, ಚಮಚದ ಬೆನ್ನಿನಿಂದ ಒಂದೇ ಸಲ ಎಳೆಯಿರಿ, ತಿದ್ದಲು ಹೋಗಬೇಡಿ. ಮೇಲೆ ಮೂರು ಬಿಲ್ಲೆ, ಅವುಗಳ ನಡುವೆ ನೀರು ಒರೆಸಿದ ಈರುಳ್ಳಿ. ಕಂದು ಬೆಣ್ಣೆಯನ್ನು ಬಿಲ್ಲೆಗಳ ಮೇಲೆ, ಹಸಿರು ಎಣ್ಣೆಯನ್ನು ಪ್ಯೂರಿಯ ಅಂಚಿಗೆ ಹನಿಸಿ. ಜಾಲರಿ ಎಲ್ಲಕ್ಕಿಂತ ಕೊನೆಗೆ, ಒದ್ದೆಯ ಜಾಗಕ್ಕೆ ತಾಗದಂತೆ. ಅಂಚಿನ ಕಲೆಗಳನ್ನು ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ.

ಉಳಿದ ಹಸಿರು ಎಣ್ಣೆ ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ ಚೆನ್ನಾಗಿರುತ್ತದೆ, ಹುಳಿ ಈರುಳ್ಳಿ ಎರಡು ವಾರ. ಸಾಸನ್ನು ಬೆಣ್ಣೆ ಹಾಕುವ ಮೊದಲೇ ಅರ್ಧ ಎತ್ತಿ ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದರೆ ಮುಂದಿನ ಸಲಕ್ಕೆ ಆಗುತ್ತದೆ. ಬೆಳ್ಳುಳ್ಳಿ ಹಾಕಿದ ಎಣ್ಣೆಯನ್ನು ಮಾತ್ರ ಹೊರಗೆ ಇಡಲೇಬಾರದು. ಗಾಳಿಯಾಡದ ಎಣ್ಣೆಯಲ್ಲಿ ಬಾಟ್ಯುಲಿಸಂ ಎಂಬ ಮಾರಕ ರೋಗ ತರುವ ವಿಷ ಹುಟ್ಟುವ ಅಪಾಯವಿದೆ, ವಾಸನೆಯಿಂದ ಅದು ತಿಳಿಯುವುದೂ ಇಲ್ಲ. ಅಂಥ ಎಣ್ಣೆ ಮಾಡಿದರೆ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ.